ಲಿಂಡಾಲ್ ಮೇಷ್ಟ್ರ ಅತಿಥಿ ಸತ್ಕಾರ

ಬೆಳಿಗ್ಗೆ ಕಾಫಿ ಬಗ್ಗಿಸುವ ಹೊತ್ತಿನಲ್ಲಿ ಲವೋನ್ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಆರ್ವಿಡ್ ಲಿಂಡಾಲನ ಆ ದಿನ ನೆಟ್ಟಗೆ ಕಳೆದುಹೋಗುತ್ತಿತ್ತು. ಆದರೆ ಲವೋನ್ ಎಂದರೆ ಹಾಲ್ವಿಕ್ ಹೈಸ್ಕೂಲಿನ ಆಫೀಸಿನಾಕೆ. ಶಾಲೆಯ ಫೋನು, ಬೀಗದ ಕೈ, ಗಾಳಿಮಾತು ಮೂರೂ ಆಕೆಯ ಸುಪರ್ದಿನಲ್ಲಿದ್ದವು. ಬಾಯಿ ಮುಚ್ಚಿಕೊಳ್ಳಲು ಆಕೆಗೆ ಪುರುಸೊತ್ತಾದರೂ ಎಲ್ಲಿತ್ತು?

"ಹುಷಾರು ಮೇಷ್ಟ್ರೇ," ಎಂದಳು. "ಇವತ್ತು ಮಕ್ಕಳಿಗೆ ಅಭ್ಯಾಸ ಆಗ್ಲಿ ಅಂತ ಮಾಕ್ ಇಂಟರ್ವ್ಯೂ ಮಾಡೋಕೆ ಊರವರು ಬರ್ತಾರಲ್ಲ, ಅವರ ಮಧ್ಯೆ ಶಿಕ್ಷಣ ಕಚೇರಿಯವರೊಬ್ರು ಗುಟ್ಟಾಗಿ ಸೇರ್ಕೊಂಡು ನಿಮ್ಮ ಕೆಲಸ ನೋಡ್ತಾರಂತೆ. ಓಕ್‌ಫೀಲ್ಡ್ ಶಾಲೆಯ ಕೌನ್ಸೆಲರೂ ಬರ್ತಾರಂತೆ. ನಾನು ಹೇಳ್ದೆ ಅನ್ಬೇಡಿ ಮತ್ತೆ."

ಆರ್ವಿಡನ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಚೆಲ್ಲದೆ ಇನ್ನೇನು? ಅವನೂ ಕೌನ್ಸೆಲರೇ. ತಲೆಗೂದಲು ದಟ್ಟವಾಗಿದ್ದ ಕಾಲದಿಂದ ಹಾಲ್ವಿಕ್‌ನ ಮಕ್ಕಳಿಗೆ ಮುಂದೆ ಯಾವ ಕಾಲೇಜು, ಯಾವ ಕೆಲಸ ಎಂದು ದಾರಿ ತೋರಿಸಿಕೊಂಡು ಬಂದವನು. ಈಗ ಮಕ್ಕಳು ಕಡಿಮೆಯಾಗಿ ಹಾಲ್ವಿಕ್ ಮತ್ತು ಓಕ್‌ಫೀಲ್ಡ್ ಶಾಲೆಗಳನ್ನು ಒಂದು ಮಾಡುವುದೆಂದು ತೀರ್ಮಾನವಾಗಿತ್ತು. ಶಾಲೆ ಒಂದಾದರೆ ಕೌನ್ಸೆಲರ್ ಹುದ್ದೆಯೂ ಒಂದೇ. ಅದು ಯಾರಿಗೆ ಎನ್ನುವುದನ್ನು ಆ ದಿನ ಶಾಲೆ ಬಿಟ್ಟ ಮೇಲೆ ಶಿಕ್ಷಣ ಕಚೇರಿಯ ಸೂಪರಿಂಟೆಂಡೆಂಟರು ಬಂದು ಹೇಳುವವರಿದ್ದರು. ಅವರು ಕ್ರಿಸ್‌ಮಸ್ ಕಳೆದ ಮೇಲೆ ಬಂದ ಹೊಸಬರು. ಓಕ್‌ಫೀಲ್ಡ್ ಕೌನ್ಸೆಲರೂ ಹೊಸಬರೇ. ಇಬ್ಬರ ಮುಖವನ್ನೂ ಆರ್ವಿಡ್ ಕಂಡಿರಲಿಲ್ಲ.

ವೆಲ್ಡಿಂಗ್ ಕಲಿಸುವ ಡ್ಯುಯೇನ್ ಯಾರೂ ಕೇಳದಿದ್ದರೂ ತಲೆ ಹಾಕಿದ. "ಓಕ್‌ಫೀಲ್ಡಿನದು ಹೆಂಗಸು ಕಣೋ. ಕೆಂಗೂದಲು, ಉದ್ದ ಆಳು. ಮೊನ್ನೆ ಆ ಶಾಲೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕ್ತಿದ್ದಳಂತೆ. ನನ್ನ ಭಾಮೈದ ಕಣ್ಣಾರೆ ನೋಡಿದ್ದಾನೆ."

"ಮತ್ತೆ ಆ ಕಚೇರಿಯವನು?"

"ಅದು ಗೊತ್ತಿಲ್ಲ. ಆದ್ರೆ ಗುರುತು ಹೇಳ್ತೀನಿ ಕೇಳು. ಊರವರು ಬಂದ ಕೂಡ್ಲೆ ಡೋನಟ್ ನೋಡ್ತಾರೆ. ಅಧಿಕಾರಿ ಗೋಡೆ ನೋಡ್ತಾನೆ."

ಈ ಜ್ಞಾನವನ್ನು ತಲೆಯಲ್ಲಿ ತುಂಬಿಕೊಂಡು ಆರ್ವಿಡ್ ಆಟದ ಹಾಲ್‌ನ ಬಾಗಿಲಲ್ಲಿ ನಿಂತ. ಒಳಗೆ ಮೇಜುಗಳು ಸಜ್ಜಾಗಿದ್ದವು. ಹುಡುಗರು ಅಪ್ಪಂದಿರ ಟೈ ಕಟ್ಟಿಕೊಂಡು ಕುತ್ತಿಗೆ ಕೆರೆದುಕೊಳ್ಳುತ್ತಿದ್ದರು. ಸಂದೇಹ ಎನ್ನುವುದು ಒಮ್ಮೆ ಹತ್ತಿತೆಂದರೆ ತುರಿಕೆಯ ಹಾಗೆ, ಎಲ್ಲಿ ಮುಟ್ಟಿದರೂ ಅಲ್ಲೇ. ಟೈರ್ ಅಂಗಡಿಯ ರಾಲಿ, ಆರ್ವಿಡನ ಜೊತೆ ಅದೆಷ್ಟು ಚಳಿಗಾಲ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿದವನು, ಅವನೇ ಒಳಗೆ ಬಂದರೂ ಆರ್ವಿಡ್ ಅಡ್ಡ ನಿಂತ.

"ನೀನು ಯಾವತ್ತಿಂದ ಇಸ್ತ್ರಿ ಮಾಡಿದ ಅಂಗಿ ಹಾಕೋಕೆ ಶುರು ಮಾಡಿದೆ? ನಿಜ ಹೇಳು, ಯಾರು ಕಳಿಸಿದ್ರು?"

"ನನ್ನ ಹೆಂಡ್ತಿ ಕಣಯ್ಯಾ! ದಾರಿ ಬಿಡು, ಡೋನಟ್ ಖಾಲಿಯಾಗತ್ತೆ!"

ರಾಲಿ ಪಾಸಾದ. ಬ್ಯಾಂಕಿನವರು, ದನದ ಡಾಕ್ಟರು ಎಲ್ಲರೂ ನೆಟ್ಟಗೆ ಡೋನಟ್ಟಿನ ಕಡೆಗೇ ನಡೆದರು. ಆಗ ಬಂದ ನೋಡಿ, ಕಂದು ಕೋಟಿನ ಒಬ್ಬ ಆಸಾಮಿ. ಡೋನಟ್ಟಿನ ಪೆಟ್ಟಿಗೆಯತ್ತ ಕಣ್ಣೂ ಹಾಯಿಸಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ, ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಓದುತ್ತಿದ್ದಾರೆಂದು ಆರ್ವಿಡ್ ಗುಂಡುಪಿನ್ನು ಚುಚ್ಚಿದ್ದ ನಕಾಶೆಯನ್ನು ನೋಡುತ್ತ ನಿಂತುಬಿಟ್ಟ. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು ಆರ್ವಿಡ್ ಓಡಿದ.

"ಬನ್ನಿ ಸಾರ್, ಬನ್ನಿ. ಕೋಟು ಕೊಡಿ. ಈ ಕುರ್ಚಿ ಬೇಡ, ನನ್ನ ರೂಮಿಂದ ಮೆತ್ತನೆ ಕುರ್ಚಿ ತರಿಸ್ತೀನಿ."

ಆ ಮನುಷ್ಯ ತಬ್ಬಿಬ್ಬಾದ. "ನೋಡಿ, ನಾನು ಯಾರು ಅಂತ ಮೊದಲೇ ಹೇಳಿಬಿಡ್ತೀನಿ..."

"ಹೇಳ್ಬೇಡಿ ಸಾರ್!" ಆರ್ವಿಡ್ ಕಣ್ಣು ಮಿಟುಕಿಸಿದ. "ನಂಗೆ ಗೊತ್ತು."

"ಗೊತ್ತಾ? ಗೊತ್ತಿದ್ದೂ ಇಷ್ಟು ಮರ್ಯಾದೆ ಮಾಡ್ತಿದ್ದೀರಾ?"

"ಗೊತ್ತಿರೋದಕ್ಕೇ ಸಾರ್!"

ಆ ಮನುಷ್ಯನ ಕಣ್ಣು ತುಂಬಿಬಂದಂತಾಯಿತು. ಅಧಿಕಾರಿಗಳಿಗೂ ಹೃದಯ ಇರುತ್ತದಲ್ಲ ಎಂದು ಆರ್ವಿಡನಿಗೆ ಆಶ್ಚರ್ಯವಾಯಿತು.

ಅಷ್ಟರಲ್ಲಿ ಬೂಟಿನ ಹಿಮ ಕೊಡವುತ್ತ ಕೆಂಗೂದಲಿನ ಎತ್ತರದ ಹೆಂಗಸೊಬ್ಬಳು ಒಳಗೆ ಬಂದಳು. ಬಂದವಳೇ ಎರಡು ಡೋನಟ್ ಎತ್ತಿಕೊಂಡಳು. ಒಂದಲ್ಲ, ಎರಡು!

"ನಾನು ಕಾರ್ಲೀನ್. ಮಕ್ಕಳ ಜೊತೆ ಮಾತಾಡೋಣ ಅಂತ ಬಂದೆ," ಎಂದಳು ನಗುತ್ತ.

"ಎಲ್ಲಿಂದ ಬಂದ್ರೋ?"

"ಈಗ ಓಕ್‌ಫೀಲ್ಡಿಂದಾನೇ ಬಂದೆ."

ಎಷ್ಟು ಧೈರ್ಯ ನೋಡಿ ಈಕೆಗೆ! ಆರ್ವಿಡ್ ಮೊದಲು ಹೋಗಿ ತನ್ನ ಮೇಜಿನ ಡ್ರಾಯರಿಗೆ ಬೀಗ ಹಾಕಿಕೊಂಡು ಬಂದ. ಆಮೇಲೆ ಆಕೆಯನ್ನು ಹೊರಬಾಗಿಲ ಪಕ್ಕದ ಮೇಜಿಗೆ ಕೂರಿಸಿದ. ಬಾಗಿಲು ತೆರೆದಾಗಲೆಲ್ಲ ಫೆಬ್ರುವರಿಯ ಗಾಳಿ ಆಕೆಯ ಬೆನ್ನಿಗೇ ಬಡಿಯಬೇಕು, ಹಾಗೆ. ಮಾತಾಡಿಸಲು ಕಳಿಸಿದ್ದು ಯಾವ ಪ್ರಶ್ನೆಗೂ "ಹೂಂ" ಬಿಟ್ಟರೆ ಬೇರೆ ಉತ್ತರ ಕೊಡದ ವರ್ಲಿನ್ ಎಂಬ ಹುಡುಗನನ್ನು. ಆಕೆ ಮಾತ್ರ ಬಿಡುವವಳಲ್ಲ. ಆರ್ವಿಡ್ ಆ ಕಡೆ ಹಾಯ್ದಾಗ ಕೇಳಿಯೇಬಿಟ್ಟಳು.

"ಕಾಲೇಜು ಫೀಸಿನ ಸಹಾಯಕ್ಕೆ ಅಪ್ಪ ಅಮ್ಮಂದಿರ ಹತ್ರ ಅರ್ಜಿ ತುಂಬಿಸೋದು ಎಲ್ಲ ಕಡೆ ಕಷ್ಟ. ನೀವು ಹೇಗೆ ತುಂಬಿಸ್ತೀರಿ?"

"ಪೆನ್ನಲ್ಲಿ," ಎಂದು ಆರ್ವಿಡ್ ಮುಂದೆ ನಡೆದ.

ಆ ಗುಟ್ಟನ್ನು ಅವನು ಬಚ್ಚಿಟ್ಟಿದ್ದು ಕಂದು ಕೋಟಿನವನಿಗಾಗಿ. ಮಧ್ಯಾಹ್ನ ತನ್ನ ಪಾಲಿನ ಮಾಂಸ, ಆಲೂಗಡ್ಡೆಯ ಹಾಟ್‌ಡಿಶ್ಶನ್ನು ಅವನ ತಟ್ಟೆಗೆ ಸುರಿದು, ಹೆಂಡತಿ ಕಟ್ಟಿಕೊಟ್ಟಿದ್ದ ನಿಂಬೆ ಮಿಠಾಯಿಯನ್ನೂ ಮುಂದಿಟ್ಟು, ತಾನು ಬರೀ ಕಾಫಿ ಕುಡಿಯುತ್ತ ಬಾಯಿಬಿಟ್ಟ.

"ರೈತರು ಶಾಲೆ ಮೀಟಿಂಗಿಗೆ ಬರಲ್ಲ ಸಾರ್. ಅದಕ್ಕೆ ನಾನೇ ಹೋಗ್ತೀನಿ. ಸುಗ್ಗೀಲಿ ಜೋಳ ಸುರಿಯೋಕೆ ಗೋದಾಮಿನ ಮುಂದೆ ಲಾರಿಗಳು ಸಾಲಾಗಿ ನಿಂತಿರ್ತವಲ್ಲ, ಲಾರಿಯಿಂದ ಲಾರಿಗೆ ಹತ್ತಿ ಅಲ್ಲೇ ತುಂಬಿಸಿಬಿಡ್ತೀನಿ. ಪಾಪ, ಇಳಿದು ಓಡೋ ಹಾಗಿಲ್ಲ, ಸಾಲು ತಪ್ಪಿಹೋಗತ್ತೆ."

"ಭಲೇ!" ಎಂದ ಅವನು.

"ಮತ್ತೆ, ಗೆದ್ದವರನ್ನ ಕರೆಸಿ ಭಾಷಣ ಮಾಡಿಸಲ್ಲ ಸಾರ್. ಕಾಲೇಜು ಅರ್ಧಕ್ಕೆ ಬಿಟ್ಟು ಬಂದು ಆಮೇಲೆ ಕಾಲೂರಿದವರನ್ನ ಕರೆಸ್ತೀನಿ. ಮಕ್ಕಳು ಅವರ ಮಾತು ಕೇಳ್ತಾರೆ."

"ಎಂಥ ಬುದ್ಧಿ ನಿಮ್ಮದು!"

ಹೊಗಳಿಕೆ ಕೇಳಿ ಆರ್ವಿಡನಿಗೆ ವಿನಯ ಉಕ್ಕಿ ಬಂತು. ದೊಡ್ಡವರ ಮುಂದೆ ತನ್ನನ್ನೇ ಹೊಗಳಿಕೊಳ್ಳಬಾರದು ಎಂಬಷ್ಟು ತಿಳಿವಳಿಕೆ ಅವನಿಗಿತ್ತು. ಹಾಳಾದ್ದು, ಆ ತಿಳಿವಳಿಕೆ ಅವತ್ತೇ ಕೆಲಸ ಮಾಡಬೇಕೇ? ಪ್ರಿನ್ಸಿಪಾಲರಾದ ಕ್ರೂಗರ್ ಮೇಡಂ ಅದೇ ಹೊತ್ತಿಗೆ ಮೇಜಿನ ಬಳಿ ಬಂದು ನಿಂತಿದ್ದರು. ಅವರಿಗೂ ಕೇಳಲಿ ಎಂದು ಆರ್ವಿಡ್ ಧ್ವನಿ ಏರಿಸಿದ.

"ನನ್ನದೇನೂ ಇಲ್ಲ ಸಾರ್. ಇದೆಲ್ಲ ನಿಮ್ಮದೇ ಬುದ್ಧಿ, ನಾನು ಬರೀ ನೆಪ. ಈ ಶಾಲೆ ಉದ್ಧಾರ ಆಗ್ಬೇಕಾದ್ರೆ ನಿಮ್ಮಂಥವರಿಂದಾನೇ ಆಗ್ಬೇಕು!"

ಕ್ರೂಗರ್ ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡು, "ಆರ್ವಿಡ್, ನೀವು ಇಷ್ಟು ದೊಡ್ಡ ಮನುಷ್ಯರು ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದರು. ದೂರದಲ್ಲಿ ಡ್ಯುಯೇನ್ ಹೆಬ್ಬೆರಳು ಎತ್ತಿ ತೋರಿಸಿದ.

ಮಕ್ಕಳೆಲ್ಲ ಹೋದ ಮೇಲೆ ಕಂದು ಕೋಟಿನವನು ಪ್ರಿನ್ಸಿಪಾಲರ ಕೋಣೆಯೊಳಕ್ಕೆ ಹೋಗುವುದನ್ನು ಆರ್ವಿಡ್ ಕಂಡ. ತನ್ನ ಬಗ್ಗೆ ಹೇಳಲು ಹೋಗಿದ್ದಾನೆ, ಇನ್ನು ಕೆಲಸ ಗಟ್ಟಿ ಎಂದು ನಿಟ್ಟುಸಿರು ಬಿಟ್ಟ. ತನ್ನ ಸರದಿ ಬಂದಾಗ ಅಂಗಿಯ ಕಾಫಿ ಕಲೆಯನ್ನು ಟೈಯಿಂದ ಮುಚ್ಚಿಕೊಂಡು ಒಳಗೆ ನಡೆದ.

ಒಳಗೆ ಕಂದು ಕೋಟು ಇರಲಿಲ್ಲ. ಕ್ರೂಗರ್ ಮೇಡಂ ಪಕ್ಕದಲ್ಲಿ ಆ ಕೆಂಗೂದಲಿನ ಹೆಂಗಸು ಕರವಸ್ತ್ರ ಹಿಡಿದು ಸೀನುತ್ತಿದ್ದಳು.

"ಇವರು ಹೊಸ ಸೂಪರಿಂಟೆಂಡೆಂಟ್, ಕಾರ್ಲೀನ್ ವೋಲ್ಡ್," ಎಂದರು ಕ್ರೂಗರ್ ಮೇಡಂ. "ಮೊನ್ನೆ ಓಕ್‌ಫೀಲ್ಡ್ ಶಾಲೆ ನೋಡಿ ಬಂದ್ರು, ಇವತ್ತು ನಮ್ಮದು. ಬೆಳಿಗ್ಗೆ ಭೇಟಿಯಾಗಿದ್ದೀರಲ್ಲ."

ಆರ್ವಿಡ್ ಬಾಗಿಲ ಕಡೆ ತಿರುಗಿ ನೋಡಿದ. "ಮತ್ತೆ... ಆ ಕಂದು ಕೋಟು?"

"ಟ್ರೆವರ್ ನೈಬೋ, ಓಕ್‌ಫೀಲ್ಡ್ ಕೌನ್ಸೆಲರ್. ನಿಮಗೆ ಗೊತ್ತಿತ್ತಂತಲ್ಲ?"

ವೋಲ್ಡ್ ಮೇಡಂ ಮೂಗು ಒರೆಸಿಕೊಂಡರು. "ಕೂತ್ಕೊಳ್ಳಿ ಲಿಂಡಾಲ್ ಅವ್ರೇ. ಆ ಅರ್ಜಿ ವಿಷಯ ಇನ್ನೊಂದ್ಸಲ ಕೇಳ್ತೀನಿ. ಪೆನ್ನು ಬಿಟ್ಟು ಬೇರೆ ಏನಾದ್ರೂ ಇದ್ಯಾ?"

ಇದೊಂದೇ ಉಳಿದ ದಾರಿ ಎಂದು ಆರ್ವಿಡ್ ಒಂದೇ ಉಸಿರಿಗೆ ಶುರು ಮಾಡಿದ. "ಇದೆ ಮೇಡಂ! ಸುಗ್ಗೀಲಿ ಗೋದಾಮಿನ ಮುಂದೆ ಲಾರಿಗಳು ಸಾಲಾಗಿ..."

"ಅದನ್ನ ನೈಬೋ ಈಗಷ್ಟೇ ಹೇಳಿದ್ರು."

"ಕಾಲೇಜು ಅರ್ಧಕ್ಕೆ ಬಿಟ್ಟು ಬಂದವರನ್ನ ಕರೆಸಿ..."

"ಅದನ್ನೂ ಹೇಳಿದ್ರು. ಇದೆಲ್ಲ ನಿಮ್ಮಿಂದ ಕಲ್ತಿದ್ದು ಅಂತಾನೂ ಹೇಳಿದ್ರು ಪಾಪ," ಎಂದು ವೋಲ್ಡ್ ಮೇಡಂ ಅವನನ್ನು ಅನುಮಾನದಿಂದ ನೋಡಿದರು.

"ನೋಡಿದ್ರಾ! ಅದು ನಂದೇ ಮೇಡಂ!" ಆರ್ವಿಡನಿಗೆ ಜೀವ ಬಂದಂತಾಯಿತು.

"ಅವರ ವಿನಯ ಅದು," ಎಂದರು ಕ್ರೂಗರ್ ಮೇಡಂ. "ನೀವೇ ಎಲ್ಲರೆದುರು ಹೇಳಿದ್ರಲ್ಲ, ಇದೆಲ್ಲ ಅವರದೇ ಬುದ್ಧಿ, ನಾನು ಬರೀ ನೆಪ ಅಂತ? ನಾನು ಪಕ್ಕದಲ್ಲೇ ನಿಂತಿದ್ದೆ."

ಆರ್ವಿಡ್ ಟೈ ಸಡಿಲಿಸಿಕೊಂಡ. ಅಡಗಿದ್ದ ಕಾಫಿ ಕಲೆ ಹೊರಬಿತ್ತು.

"ನಿಜ ಹೇಳ್ಬೇಕು ಅಂದ್ರೆ," ಕ್ರೂಗರ್ ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು, "ನಿಮಗೆ ಇಲ್ಲ ಅನ್ಬೇಕಾಗಿ ಬಂದ್ರೆ ಹೇಗಪ್ಪಾ ಹೇಳೋದು ಅಂತ ನಂಗೆ ರಾತ್ರಿ ನಿದ್ದೇನೇ ಇರ್ಲಿಲ್ಲ. ಹೇಳೋದೂ ಕಷ್ಟ, ಬಿಡೋದೂ ಕಷ್ಟ. ನೀವೇ ದೊಡ್ಡ ಮನಸ್ಸು ಮಾಡಿ, ಆತನಿಗೆ ಊಟ ಬಡಿಸಿ, ಹುದ್ದೆ ಬಿಟ್ಟುಕೊಟ್ರಿ. ಎಂಥ ಔದಾರ್ಯ!"

ಇಬ್ಬರೂ ಎದ್ದು ನಿಂತು ಅವನ ಕೈ ಕುಲುಕಿದರು. ಆರ್ವಿಡ್ ಹೊರಗೆ ಬಂದ. ಕಾರಿಡಾರಿನಲ್ಲಿ ನೈಬೋ ಕಾಯುತ್ತ ಕೂತಿದ್ದ. ಓಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ ಸಾರ್. ನಿಮ್ಮನ್ನ ಕೈ ಬಿಡೋನಲ್ಲ ನಾನು. ಬನ್ನಿ, ಕೂತ್ಕೊಳ್ಳಿ, ನಿಮ್ಮ ಮುಂದಿನ ದಾರಿ ಈಗ್ಲೇ ಯೋಚಿಸೋಣ." ಬೆಂಚಿನ ಮೇಲೆ ಅವನನ್ನು ಕೂರಿಸಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಬಹಳ ಅಕ್ಕರೆಯಿಂದ ಕೇಳಿದ. "ಹೆದರ್ಕೋಬೇಡಿ, ಮನಸ್ಸಲ್ಲಿರೋದನ್ನ ಹೇಳಿ. ನಿಮಗೆ ಯಾವ ಕೆಲಸ ಅಂದ್ರೆ ತುಂಬಾ ಇಷ್ಟ?"

"ಇದೇ," ಎಂದ ಆರ್ವಿಡ್.

ನೈಬೋ ಅವನ ಹೆಗಲು ತಟ್ಟಿದ. "ಇದು ಸದ್ಯಕ್ಕೆ ಖಾಲಿ ಇಲ್ಲ ಸಾರ್. ಎರಡನೇ ಆಯ್ಕೆ ಹೇಳಿ."