ಫಲಶ್ರುತಿಯನ್ನು ನಂಬಿದ ಸಹಾಯಕ

ಶಾಸ್ತ್ರ ಓದಿದವನಿಗೆ ನಾಲ್ಕು ಸಾಲಿನ ವಿವರಣೆ ಬರೆಯುವುದು ಯಾವ ಮಹಾಕಾರ್ಯ ಎಂಬ ವಿಶ್ವಾಸದಿಂದಲೇ ನಾನು ಆ ಕೆಲಸವನ್ನು ಒಪ್ಪಿಕೊಂಡೆ. ಭಗವಂತನು ಆ ವಿಶ್ವಾಸವನ್ನು ಗಮನಿಸಿರಬೇಕು.

ರಾಣೆಬೆನ್ನೂರಿನ ನಮ್ಮ ದೇವಸ್ಥಾನದಲ್ಲಿ ಶ್ರಾವಣದ ಸಂಜೆಗಳಲ್ಲಿ ಪುರಾಣ ಹೇಳುವವನು ನಾನು. ಒಂದು ಕಾಲಕ್ಕೆ ಸಭಾಭವನದ ಹೊರಗೂ ಜಮಖಾನ ಹಾಸುತ್ತಿದ್ದರು. ಈಗ ಶ್ರೋತೃಗಳಿಗಿಂತ ಕಂಬಗಳೇ ಹೆಚ್ಚು. ನನ್ನ ಮನೆಯಾಕೆ ಇದ್ದಷ್ಟು ದಿನ ವಾಕ್ಯಕ್ಕೊಮ್ಮೆ ‘ಹ್ಞೂಂ’ ಎನ್ನುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಆ ಸೇವೆಯನ್ನು ಫ್ಯಾನು ವಹಿಸಿಕೊಂಡಿದೆ. ಜನ ಕೂಡದಿದ್ದರೆ ಈ ಸಲ ಶ್ರಾವಣದ ನಡುವೆಯೇ ಪುರಾಣಕ್ಕೆ ಮಂಗಳ ಹಾಡಿ ಭವನವನ್ನು ಬಾಡಿಗೆಗೆ ಬಿಡುವುದೆಂದು ಕಾರ್ಯದರ್ಶಿಗಳು ಬಹಳ ಗೌರವದಿಂದ ತಿಳಿಸಿದರು.

ಅದೇ ದಿನಗಳಲ್ಲಿ ಹಾವೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಕಾರ್ಯದರ್ಶಿಗಳ ಸೊಸೆ ಶೈಲಾ, ದೇವಸ್ಥಾನಕ್ಕೊಂದು ಎಐ ಸಹಾಯಕವನ್ನು ಸಿದ್ಧಪಡಿಸುತ್ತಿದ್ದಳು. ಭಕ್ತರು ಮೊಬೈಲಿನಲ್ಲಿ ತಮಗೆ ಬೇಕಾದುದನ್ನು ಬರೆದರೆ, ಅದು ತನಗೆ ಕೊಟ್ಟ ಟೂಲುಗಳಲ್ಲಿ ತಕ್ಕದ್ದನ್ನು ಆರಿಸಿ ಕೆಲಸ ಮುಗಿಸುತ್ತದಂತೆ. ಒಂದು ಟೂಲು ಪೂಜೆ ಬರೆಸಲು, ಒಂದು ಸಭಾಭವನ ಗೊತ್ತುಮಾಡಲು, ಮತ್ತೊಂದು ಪುರಾಣಕ್ಕೆ ಆಸನ ಕಾಯ್ದಿರಿಸಲು. ಪ್ರತಿಯೊಂದಕ್ಕೂ ಕನ್ನಡದಲ್ಲಿ ವಿವರಣೆ ಬೇಕಾಗಿತ್ತು.

“ಟೂಲು ಏನ್ ಮಾಡತೈತಿ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಇಷ್ಟ ಬರೀರಿ ಅಜ್ಜಾರ,” ಎಂದಳು ಶೈಲಾ. “ಅದಕ್ಕ ಬ್ಯಾರೆ ಏನೂ ತಿಳಿಯಂಗಿಲ್ಲ. ನೀವು ಬರದದ್ದನ್ನ ಖರೇ ಅಂತ ನಂಬತೈತಿ.”

ನಾನು ಬರೆದದ್ದನ್ನು ನಂಬುವ ಓದುಗ! ಇಂಥದೊಂದು ಜೀವಕ್ಕಾಗಿ ನಾನು ಎಷ್ಟು ಕಾಲದಿಂದ ಕಾದಿದ್ದೆ.

ಪೂಜೆಗೂ ಸಭಾಭವನಕ್ಕೂ ಒಂದೊಂದು ಒಣ ವಾಕ್ಯ ಬರೆದು ಮುಗಿಸಿದೆ. ಪುರಾಣಕ್ಕೆ ಬಂದಾಗ ಮಾತ್ರ ಲೇಖನಿ ನಿಲ್ಲಲಿಲ್ಲ. ಸ್ತೋತ್ರವಾಗಲಿ ಪುರಾಣವಾಗಲಿ, ಕೊನೆಗೆ ಫಲಶ್ರುತಿ ಬೇಕು. ಕೇಳಿದವರಿಗೆ ಏನೇನು ಲಭಿಸುವುದೆಂದು ಹೇಳದಿದ್ದರೆ ಅದು ಅಪೂರ್ಣ. ನಾನೂ ಹೇಳಿದೆ: ಈ ಶ್ರವಣದಿಂದ ಕನ್ಯೆಗೆ ಕಂಕಣಭಾಗ್ಯ, ರೋಗಿಗೆ ಆರೋಗ್ಯ, ವರ್ತಕನಿಗೆ ಲಾಭ, ಕಳೆದುಕೊಂಡವನಿಗೆ ಕಳೆದ ವಸ್ತು, ಯಾವುದೇ ಇಷ್ಟಾರ್ಥವುಳ್ಳವರು ಕುಟುಂಬಸಮೇತರಾಗಿ ಬರತಕ್ಕದ್ದು. ‘ಯಾವಾಗ ಬಳಸಬಾರದು’ ಎಂಬಲ್ಲಿ ಖಾಲಿ ಬಿಟ್ಟೆ. ಪುರಾಣ ಕೇಳಬಾರದ ಗಳಿಗೆ ಯಾವುದಿದೆ?

ಹಿರಿಯರ ಬರಹವೆಂದು ಶೈಲಾ ಒಂದಕ್ಷರವನ್ನೂ ತಿದ್ದದೆ ಸೇರಿಸಿದಳು.

ಜನ ಬಂದರು! ಸೊಂಟ ಹಿಡಿದುಕೊಂಡ ಹಮಾಲರು ಬಂದರು. ಐರಣಿಯಿಂದ ಗಂಡ ಹೆಂಡತಿ ಬಂದರು. ಅಧ್ಯಾಯ ಮುಗಿದಾಗಲೆಲ್ಲ ಅವರು ಬಾಗಿಲ ಕಡೆ ಕಾತರದಿಂದ ನೋಡುತ್ತಿದ್ದರು. ಅದನ್ನು ನಾನು ಭಕ್ತಿಪರವಶತೆ ಎಂದು ಭಾವಿಸಿದೆ. ಕಾರ್ಯದರ್ಶಿಗಳು ಜಮಖಾನ ತರಿಸಿದರು. ನಾನು ದನಿಯನ್ನು ಒಂದು ಶ್ರುತಿ ಏರಿಸಿದೆ.

ಶುಕ್ರವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಗುರುಶಾಂತಪ್ಪನವರು ಸಕುಟುಂಬರಾಗಿ ಬಂದಿಳಿದರು. ರೇಷ್ಮೆ ಸೀರೆಗಳು, ಹಣ್ಣಿನ ತಟ್ಟೆಗಳು, ಹಿಂದೆ ಇನ್ನೊಂದು ದೊಡ್ಡ ಬಳಗ. ನನ್ನ ಕೀರ್ತಿ ಬ್ಯಾಡಗಿ ಮುಟ್ಟಿತೆಂದು ಕಣ್ಣು ತುಂಬಿ ಬಂತು. ಅಂದಿನ ಪ್ರಸಂಗವೋ, ರಾಜನೊಬ್ಬನು ಮಲಗಿದ ಮಡದಿಯನ್ನು ಅಡವಿಯಲ್ಲಿ ಬಿಟ್ಟು ಹೊರಟುಹೋಗುವುದು. ಮೈಮರೆತು ಹೇಳಿದೆ. ಗುರುಶಾಂತಪ್ಪನವರು ವೇದಿಕೆಯ ಬಳಿಗೆ ಬಂದು, ಇದು ಯಾವಾಗ ಮುಗಿಯುತ್ತದೆಂದು ಮೆಲ್ಲಗೆ ಕೇಳಿದರು. ವಿರಹ ಈಗಷ್ಟೇ ಆರಂಭವಾಗಿದೆ ಎಂದು ಸಮಾಧಾನ ಹೇಳಿದೆ.

“ಅಜ್ಜಾರ, ಬೀಗರು ಉಂಗುರ ಹಿಡಕೊಂಡು ಕುಂತಾರ್ರಿ. ನೀವು ನೋಡಿದ್ರ ಹೇಣ್ತೀನ ಅಡವ್ಯಾಗ ಹೆಂಗ ಬಿಟ್ಟ ಹೋಗಬೇಕಂತ ನಮ್ಮ ಅಳಿಯಗ ಕಲಸಾಕತ್ತೀರಿ.”

ಅವರು ಮಗಳ ನಿಶ್ಚಿತಾರ್ಥಕ್ಕೆಂದು ಸಭಾಭವನ ಕೇಳಿದ್ದರು. ಸಹಾಯಕವು ‘ಕನ್ಯೆಗೆ ಕಂಕಣಭಾಗ್ಯ’ ಎಂಬುದನ್ನು ಕಂಡು ಪುರಾಣದ ಟೂಲನ್ನೇ ಹಿಡಿದು, ಶುಕ್ರವಾರ ಸಂಜೆ ಭವನದಲ್ಲಿ ಕುಟುಂಬಕ್ಕೆಲ್ಲ ಆಸನ ಕಾಯ್ದಿರಿಸಿ ಶುಭ ಹಾರೈಸಿತ್ತು. ಮಾತು ಬಹಿರಂಗವಾದೊಡನೆ ಐರಣಿಯ ಆ ತಾಯಿ ಎದ್ದು ನಿಂತು ಕೇಳಿದಳು:

“ಹಂಗಾರ ನಮ್ಮ ಎಮ್ಮಿ?”

ಕಳೆದ ಎಮ್ಮೆ ಸಿಗುವುದೆಂದು ಆಕೆಗೆ ಮೊಬೈಲು ಭರವಸೆ ಕೊಟ್ಟಿತ್ತು. ಹಮಾಲರು ಕೇಳಿದ್ದು ಆಸ್ಪತ್ರೆಯ ದಾರಿ. ತುಂಬಿದ ಆ ಸಭೆಯಲ್ಲಿ ಪುರಾಣ ಕೇಳಲು ಬಂದವರು ಒಬ್ಬರೂ ಇರಲಿಲ್ಲ. ನನ್ನನ್ನು ಸಗೌರವವಾಗಿ ವೇದಿಕೆಯಿಂದ ಇಳಿಸಿ, ಅಲ್ಲಿಯೇ ಉಂಗುರ ತೊಡಿಸಿದರು. ನನಗೂ ಎರಡು ಪೇಢೆ ದೊರೆತವು.

ಮರುದಿನ ಶೈಲಾ ನನ್ನಿಂದಲೇ ವಿವರಣೆಯನ್ನು ತಿದ್ದಿಸಿದಳು. ‘ಪುರಾಣ ಕೇಳಬೇಕೆಂದು ಭಕ್ತರು ತಾವಾಗಿ ಹೇಳಿದಾಗ ಮಾತ್ರ ಈ ಟೂಲನ್ನು ಬಳಸಬೇಕು. ಬೇರೆ ಯಾವ ಬಯಕೆಗೂ ಬಳಸಬಾರದು.’ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಬರೆಯಲಾರರೆಂದು ಆಕೆ ಮೆಚ್ಚಿದಳು. ಸ್ಪಷ್ಟವೇ ಆಗಿತ್ತು. ಆ ಟೂಲಿನ ಗೋಜಿಗೆ ಮುಂದೆ ಯಾರೂ ಬರಲಿಲ್ಲ.

“ಇವತ್ತ ಒಬ್ಬರಾರ ಹೆಸರು ಕೊಟ್ರ ನಡಸೂಣ್ರಿ ಅಜ್ಜಾರ,” ಎಂದರು ಕಾರ್ಯದರ್ಶಿಗಳು. “ಇಲ್ಲಾಂದ್ರ ನಾಳೆ ಮಂಗಳ.”

ಮಧ್ಯಾಹ್ನದವರೆಗೆ ಕಾದೆ. ಬಳಿಕ ನನ್ನ ಮೊಬೈಲು ತೆಗೆದು, ಪುರಾಣ ಕೇಳಬೇಕೆಂದು ಬರೆದೆ. ಒಂದು ಆಸನ ಕಾಯ್ದಿರಿಸಿರುವುದಾಗಿಯೂ, ಸಂಜೆ ತಪ್ಪದೆ ಬರಬೇಕೆಂದೂ ಸಹಾಯಕವು ವಿನಯದಿಂದ ಉತ್ತರಿಸಿತು. ಅಷ್ಟು ಆದರದಿಂದ ನನ್ನನ್ನು ಯಾರೂ ಈಚೆಗೆ ಕರೆದಿರಲಿಲ್ಲ.

ಸಂಜೆ ಕಾರ್ಯದರ್ಶಿಗಳು ಬಾಗಿಲಲ್ಲಿ ಇಣುಕಿದರು. “ಒಬ್ಬರು ಹೆಸರು ಕೊಟ್ಟಾರಂತಲ್ಲ, ಬಂದಾರೇನ್ರಿ?”

“ಬಂದಾರ,” ಎಂದು ವೇದಿಕೆಯ ಮೇಲಿಂದಲೇ ಉತ್ತರಿಸಿದೆ.

ಸುಳ್ಳಲ್ಲ, ಬಂದಿದ್ದ. ಆದರೆ ಅರ್ಧ ಅಧ್ಯಾಯಕ್ಕೆ ಅವನೂ ಆಕಳಿಸಿದ.