ಮಂತ್ರಿ ಖತಂ, ಆನೆ ಸ್ವಾಹಾ

ಚೆಸ್ ಆಡುವವರೆಲ್ಲ ಬುದ್ಧಿವಂತರು ಎನ್ನುವವರು ನಮ್ಮಿಬ್ಬರ ಆಟ ನೋಡಿಲ್ಲ. ನಾನು ಮುಂಬಯಿಯ ಗೋರೆಗಾಂವ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಎದುರಾಳಿ ಪಕ್ಕದ ಬಿಲ್ಡಿಂಗಿನ ವಾಚ್‌ಮನ್, ಕಲಬುರಗಿ ಕಡೆಯವನು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬೋರ್ಡು ಬಿಡಿಸಿದೆವೆಂದರೆ ಏನಾದರೊಂದು ಅವಾಂತರ ಆಗಲೇಬೇಕು. "ಅದರಲ್ಲಿ ನಿಮಗೆ ಏನು ಸಿಗ್ತದೆ?" ಎಂದು ಹೆಂಡತಿ ಕೇಳುತ್ತಾಳೆ. ಖುಷಿ ಸಿಗುತ್ತದೆ ಎಂದರೆ, ಅದನ್ನೇ ಡಬ್ಬದಲ್ಲಿ ಹಾಕಿ ತನ್ನಿ ಎನ್ನುತ್ತಾಳೆ.

ಆನೆ

ಒಮ್ಮೆ ನನ್ನ ಕಪ್ಪು ಆನೆ ಕಳೆದುಹೋಯಿತು. ನಮ್ಮ ಹೋಟೆಲಿನ ಅಡುಗೆ ಭಟ್ಟರು ಪುಟ್ಟದೊಂದು ಉದ್ದಿನ ವಡೆಯನ್ನು ಕಪ್ಪಾಗುವಷ್ಟು ಕರಿದುಕೊಟ್ಟರು. ಮೂರು ದಿನ ಅದು ಚೆನ್ನಾಗಿಯೇ ಕಾದಾಡಿತು. ನಾಲ್ಕನೆಯ ದಿನ ನಾನು ಬಿಲ್ ಮಾಡಲು ತಿರುಗಿದಾಗ, ಪಕ್ಕದ ಟೇಬಲ್ಲಿನ ಗಿರಾಕಿ ಅದನ್ನು ಚಟ್ನಿಯಲ್ಲಿ ಅದ್ದಿ ತಿಂದು, ಸ್ವಲ್ಪ ಗಟ್ಟಿಯಾಗಿದೆ ಎಂದ. ಈ ಆಟ ಲೆಕ್ಕಕ್ಕಿಲ್ಲ ಎಂದು ನಾನು ಗೋಗರೆದೆ. ವಾಚ್‌ಮನ್ ಒಪ್ಪಲಿಲ್ಲ.

"ಹೊಡದೋರ್ ಯಾರಾದ್ರೇನ್ರಿ ಅಣ್ಣಾ, ಆನಿ ಹೋತಂದ್ರ ಹೋತು."

ಮಂತ್ರಿ

ಅರ್ಧಕ್ಕೆ ನಿಂತ ಆಟವನ್ನು, ಮನೆಗೆಂದು ಬೊರಿವಲಿಗೆ ಹೋಗುವ ಲೋಕಲ್ ರೈಲಿನಲ್ಲಿ ವಾಚ್‌ಮನ್‌ಗೆ ಫೋನ್ ಮಾಡಿ ಬಾಯಲ್ಲೇ ಮುಂದುವರಿಸುತ್ತೇನೆ. ಒಂದು ಸಂಜೆ ಉಸಿರಾಡಲೂ ಜಾಗವಿಲ್ಲದ ಡಬ್ಬಿಯಲ್ಲಿ ನಿಂತು, ಸಂತೋಷ ತಡೆಯಲಾರದೆ ಗಟ್ಟಿಯಾಗಿ ಹೇಳಿದೆ: "ಇವತ್ತು ಮಂತ್ರಿ ಖತಂ!"

ಸುತ್ತಲಿನವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಎರಡು ಶಬ್ದ ಎಲ್ಲರಿಗೂ ಬರುತ್ತಿತ್ತು. ಡಬ್ಬಿ ಗಪ್‌ಚುಪ್ ಆಯಿತು. ಕುಳಿತಿದ್ದ ಒಬ್ಬರು ಮೆಲ್ಲಗೆ, "ಭಾಯ್‌ಸಾಬ್, ಕೌನ್‌ಸಾ ಮಂತ್ರಿ?" ಎಂದರು.

"ಕಾಲಾವಾಲಾ," ಎಂದೆ.

ಅವರು ಎದ್ದು ಸೀಟು ಬಿಟ್ಟುಕೊಟ್ಟರು. ಆ ಹೊತ್ತಿನ ಲೋಕಲ್‌ನಲ್ಲಿ ಸೀಟು ಸಿಕ್ಕಿದ್ದು ಅದೊಂದೇ ಸಲ.

ರಾಜ

ಹೋದ ಗಣಪತಿ ಹಬ್ಬಕ್ಕೆ ವಾಚ್‌ಮನ್‌ನ ಬಿಲ್ಡಿಂಗಿನಲ್ಲಿ ಚೆಸ್ ಸ್ಪರ್ಧೆ ಇಟ್ಟರು. ಈ ಸಲ ಏನಾದರೂ ಗೆದ್ದು ತರದಿದ್ದರೆ ಬೋರ್ಡು ಗುಜರಿಯ ಭಂಗಾರ್‌ವಾಲಾನ ಪಾಲು ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೊದಲ ಸುತ್ತಿನಲ್ಲೇ ಎದುರಾಳಿಯಾಗಿ ಬಂದವನು ನಮ್ಮ ವಾಚ್‌ಮನ್.

ಪವಾಯಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ ಅಂಪೈರ್. ನನ್ನ ರಾಜ ಕುದುರೆಯ ಹಾಗೆ ಹಾರಿದ. ವಾಚ್‌ಮನ್‌ನ ಕಾಲಾಳು ಹೆದರಿ ಒಂದು ಮನೆ ಹಿಂದೆ ಬಂತು. ಅವಳು ಆಟ ನಿಲ್ಲಿಸಿ, ಎರಡೂ ನಿಯಮದಲ್ಲಿಲ್ಲ, ಇಷ್ಟು ವರ್ಷ ಜಗಳವಾಡದೆ ಹೇಗೆ ಆಡಿದಿರಿ ಎಂದು ಕೇಳಿದಳು.

"ಉಡುಪಿ ಕಡೆ ಹಂಗಾ ಇರ್ತದ ಅಂತ ಸುಮ್ನಿದ್ದೆ ನಾ," ಎಂದ ವಾಚ್‌ಮನ್. ಕಲಬುರಗಿ ಕಡೆ ಕಾಲಾಳುಗಳು ಹಾಗೆಯೇ ಎಂದು ನಾನೂ ಸುಮ್ಮನಿದ್ದೆ.

ಇಬ್ಬರನ್ನೂ ಸ್ಪರ್ಧೆಯಿಂದ ತೆಗೆದರು. ಆದರೂ ನಾವು ಮೂಲೆಯಲ್ಲಿ ಕೂತು ಆ ಆಟ ಮುಗಿಸಿದೆವು. ಫೈನಲ್ ಬಿಟ್ಟು ಜನವೆಲ್ಲ ನಮ್ಮ ಸುತ್ತ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಇವರಿಗೆ ಏನಾದರೂ ಕೊಡಲೇಬೇಕು ಎಂದು ಬಿಲ್ಡಿಂಗ್ ಸೊಸೈಟಿಯವರು ತಡಕಾಡಿ, ಬೇರೆ ಸ್ಪರ್ಧೆಗಳಿಗೆ ತಂದು ಉಳಿದಿದ್ದ ಬಹುಮಾನಗಳಲ್ಲಿ ಒಂದೊಂದು ಸ್ಟೀಲ್ ಡಬ್ಬ ಕೊಟ್ಟರು.

ಹೆಂಡತಿ ಡಬ್ಬ ನೋಡಿ ಅರಳಿದಳು. ಆಮೇಲೆ ಅದಕ್ಕೆ ಅಂಟಿಸಿದ ಚೀಟಿ ಓದಿದಳು: ಫ್ಯಾನ್ಸಿ ಡ್ರೆಸ್, ಪ್ರಥಮ.

"ಯಾವ ವೇಷ ಹಾಕಿದ್ದಿರಿ?"

"ಚೆಸ್ ಆಟಗಾರನದು," ಎಂದು ಹೇಳಿ ಬೋರ್ಡನ್ನು ಭದ್ರವಾಗಿ ಕಪಾಟಿನಲ್ಲಿಟ್ಟೆ.