ಎರಡೂ ಮುಕ್ಕಾಲು ಗಂಟೆಯ ದೆಹಲಿ

ದೂರ ಎನ್ನುವುದು ಹಳೇ ಕಾಲದವರ ಕಾಯಿಲೆ ಎಂದು ನಾನು ನಂಬಿದ್ದೆ. ನಾದಿನಿ ಮಾನಸ ದೆಹಲಿಯಲ್ಲಿ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದಾಗ, ಹರವೆಯಿಂದ ಬಂದಿದ್ದ ಅತ್ತೆ ಮಲ್ಲಾಜಮ್ಮನವರು ರೈಲಿಗೆ ಬುತ್ತಿ ಕಟ್ಟುವ ಯೋಚನೆಯಲ್ಲಿದ್ದರು. ನಾನು ಮೊಬೈಲು ಹಿಡಿದು ಘೋಷಿಸಿದೆ.

"ಬೆಂಗ್ಳೂರು ಏರ್‌ಪೋರ್ಟಿಂದ ದೆಹಲಿ ಏರ್‌ಪೋರ್ಟಿಗೆ ಸಾವಿರದ ಏಳ್ನೂರು ಕಿಲೋಮೀಟ್ರು. ಎರಡೂ ಮುಕ್ಕಾಲು ಗಂಟೆ, ಅಷ್ಟೆ."

"ನಮ್ಮ ಗುಂಡ್ಲುಪೇಟೆಯಿಂದ ಬೆಂಗ್ಳೂರು ಏರ್‌ಪೋರ್ಟಿಗೆ?" ಎಂದಳು ಹೆಂಡತಿ ರೂಪಶ್ರೀ.

"ಅದು ಲೆಕ್ಕಕ್ಕಿಲ್ಲ." (ಆರು ಗಂಟೆ ಬೇಕು. ಆದರೆ ನೆಲದ ಮೇಲಿನ ವಿಚಾರ ಆಗ ನನಗೆ ಹಿಡಿಸುತ್ತಿರಲಿಲ್ಲ.)

ಮಂಗಳವಾರ ಬೆಳಗಿನ ಜಾವ ಗೃಹಪ್ರವೇಶ. ಸೋಮವಾರ ಸಂಜೆ ವಿಮಾನ, ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿ. ಅತ್ತೆ ಕ್ಯಾಲೆಂಡರಿನ ಮುಂದೆ ನಿಂತರು.

"ಸ್ವಾಮಾರ ರಾವುಗಾಲ್ದಲ್ಲಿ ವಸ್ಲು ದಾಟದಾ, ಅಳಿಯಂದ್ರೆ? ಇವತ್ತೇ ಪ್ರಸ್ಥಾನ ಮಡಗ್ಬುಡಿ. ಯಜಮಾನ್ರದು ಓದ್ರೆ ಎಲ್ಲಾರ್ದೂ ಓದಂಗೆ."

ಪ್ರಸ್ಥಾನವೆಂದರೆ, ಒಳ್ಳೇ ಗಳಿಗೆಯಲ್ಲಿ ನಮ್ಮ ಸಾಮಾನು ಇನ್ನೊಬ್ಬರ ಮನೆ ಸೇರಿದರೆ ನಾವೇ ಹೊರಟಂತೆ. ವಿಮಾನಯುಗದ ಪುರುಷನಾದರೂ ಅತ್ತೆಯ ಮಾತು ಮೀರದೆ, ಭಾನುವಾರವೇ ನನ್ನ ಬ್ಯಾಗನ್ನು ಎದುರುಮನೆ ನಂಜುಂಡಪ್ಪನವರಲ್ಲಿ ಇಟ್ಟು ಬಂದೆ. ಒಳಗೆ ರೇಷ್ಮೆ ಪಂಚೆ. ಮರೆಯಬಾರದೆಂದು, ವಿಮಾನಕ್ಕೆ ತೋರಿಸಲು ನನಗಿದ್ದ ಒಂದೇ ಗುರುತಿನ ಚೀಟಿಯಾದ ಆಧಾರ್ ಕಾರ್ಡನ್ನೂ ಅದರಲ್ಲೇ ಹಾಕಿದ್ದೆ.

ಸೋಮವಾರ ಟ್ಯಾಕ್ಸಿ ಬಂತು. ಎದುರುಮನೆಗೆ ಬೀಗ. ಅವರು ಕತ್ತಲಿರುವಾಗಲೇ ಉಡಿಗಾಲದ ಮಗಳ ಮನೆಗೆ ಹೋದರಂತೆ. ಫೋನ್ ಮಾಡಿದೆ. ಅದು ಬೀಗ ಹಾಕಿದ ಮನೆಯೊಳಗೇ ಹೊಡೆದುಕೊಂಡಿತು.

"ಆಧಾರ್ ಮೊಬೈಲಲ್ಲಿ ಇಳಿಸ್ಕೊಳ್ಳಿ ಅಂತ ಬಡ್ಕೊಂಡೆ," ಎಂದಳು ರೂಪಶ್ರೀ. (ಅದರ ಓಟಿಪಿ ನಾನು ಎಂದೋ ಬಿಸಾಡಿದ ಸಿಮ್ಮಿಗೆ ಹೋಗುತ್ತದೆ.)

"ಬೀಗ ಒಡೆದ್ರೆ?" ಎಂದೆ ಮೆಲ್ಲಗೆ.

"ಯಾರ್ದೋ ಮನೆ ಬೀಗ ಒಡ್ದು ಗೃಹಪ್ರವೇಶಕ್ಕೆ ಓಗದಾ?" ಎಂದರು ಅತ್ತೆ.

ರೂಪಶ್ರೀ ಗಡಿಯಾರ ನೋಡಿದಳು. "ರೀ, ವಿಮಾನ ಕಾಯಲ್ಲ. ಅವಳು ನನ್ನ ಒಬ್ಬಳೇ ತಂಗಿ." ತಾಯಿ ಮಗಳನ್ನು ಹೊತ್ತು ಟ್ಯಾಕ್ಸಿ ಹೊರಟೇಬಿಟ್ಟಿತು. ನನಗೆ ನಿಜಕ್ಕೂ ಅಳು ಬಂತು.

ರಾತ್ರಿ ಒಂಬತ್ತರ ಹೊತ್ತಿಗೆ ನಂಜುಂಡಪ್ಪನವರು ಬ್ಯಾಗು ತಂದು ಕೈಗಿತ್ತರು. "ಯಾಕ್ ಸ್ವಾಮಿ, ಡೆಲ್ಲಿಗೆ ಓಗ್ನಿಲ್ವಾ?" ಅಷ್ಟರಲ್ಲಿ ದೆಹಲಿಯಿಂದ ಅತ್ತೆಯ ಫೋನು.

"ಪ್ರಸ್ಥಾನದ ಮಯಿಮೆ, ಅಳಿಯಂದ್ರೆ. ಒಂದ್ ಕುಲುಕಾಟ್ವೂ ಇಲ್ದೆ ಬಂದ್ಬುಟ್ಟೋ. ಬ್ಯಾಗು ಸಿಕ್ತಾ?"

"ಸಿಕ್ತು. ಒಳಗೆ ಇಡ್ತಿದ್ದೀನಿ."

"ಬ್ಯಾಡಿ, ಬ್ಯಾಡಿ. ಪ್ರಸ್ಥಾನ ಓದ್ ಸಾಮಾನು ಪಯಣ ಮಾಡ್ದೆ ವಸ್ಲೊಳಿಕ್ಕೆ ಬರ್ಬಾರ್ದು. ವಸಾ ಮನೆಗೆ ಒಳ್ಳೇದಾಗಲ್ಲ. ಒಸಿ ಊರಾಚೆಗಾರ ಓಗ್ಬನ್ನಿ."

ಹೊಸ ಮನೆಗೆ ಕೆಡುಕಾದರೆ ಜೀವಮಾನವಿಡೀ ಮಾತು ಕೇಳಬೇಕಾದವನು ನಾನೇ. ಬಸ್‌ಸ್ಟ್ಯಾಂಡಿಗೆ ಹೋಗಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದೂರು ಬೇಗೂರಿನ ಬಸ್ಸಿನಲ್ಲಿ ಕೂತೆ. ಪರಿಚಯದ ಕಂಡಕ್ಟರ್ ಕನಕರಾಜು ಟಿಕೆಟ್ ಹರಿಯುತ್ತಾ, "ಬ್ಯಾಗು ಜೋರಾಗದೆ. ಏನ್ ವಿಶೇಷ, ಸಾ?" ಎಂದ.

"ನಾದ್ನಿ ಮನೆ ಗೃಹಪ್ರವೇಶ," ಎಂದೆ.